ತಾಂಡದ ವಿವಾಹಸಂಬಂಧಗಳು



ದಾವಣಗೆರೆಯ ಸಂತೆಗೆ ಕನ್ನಡಿಯ ಚೂರುಗಳನ್ನು ಹೊಲಿದ ಉಡುಪಿನಲ್ಲಿ ಬರುವ ಲಂಬಾಣಿ ವೃದ್ಧೆಯರನ್ನು ನಾವು ಕಂಡಿರುವೆವು. ಅವರ ತಾಂಡಗಳು ಊರಿನಿಂದ ದೂರ. ಅವರ ಭಾಷೆಯೂ ಕನ್ನಡವಲ್ಲ, ಉತ್ತರದೇಶದ ಆರ್ಯಭಾಷಾವರ್ಗಕ್ಕೆ ಸೇರಿದುದು. ಹೀಗೆ ಪ್ರತ್ಯೇಕವಾಗಿ ಬಾಳಿದ ಜನ ತಮ್ಮ ಹತ್ತಾರು ಗುಡಿಸಲುಗಳೊಳಗೇ ಹೆಣ್ಣು ಗಂಡುಗಳನ್ನು ಕೂಡಿಸುತ್ತಿದ್ದರೆಂದು ನಾವು ಭಾವಿಸುವುದು ಸಹಜ. ಆದರೆ ನಿಜಸ್ಥಿತಿ ಇದಕ್ಕೆ ವಿರುದ್ಧವಾದುದು.

ಇವರ ಪೂರ್ವಿಕರು ಹೇರೆತ್ತುಗಳ ಮೇಲೆ ಉಪ್ಪು, ದವಸಗಳನ್ನು ಸಾಗಿಸುತ್ತಿದ್ದ ಬಂಜಾರರು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಕಡೆಯಿಂದ ಪುಣೆಗೆ ದಂಡೆತ್ತಿ ಹೋದಾಗ ಅವನ ಸೈನ್ಯಕ್ಕೆ ಧಾನ್ಯ ಒದಗಿಸಿದವರಲ್ಲಿ ಬಂಜಾರರೂ ಇದ್ದರು. ಸಂಚಾರವೇ ಜೀವನವಾಗಿದ್ದ ಈ ಜನರಲ್ಲಿ ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬ ದೊಡ್ಡ ಕುಲಗಳುಂಟು. ವಿವಾಹವು ಜಾತಿಯ ಒಳಗೆ, ಕುಲದ ಹೊರಗೆ ನಡೆಯತಕ್ಕದ್ದು. ಒಂದೇ ಕುಲದವರು ಅಣ್ಣತಂಗಿಯರಿಗೆ ಸಮಾನರು. ಆದಕಾರಣ ಒಂದೇ ಕುಲದವರು ನೆಲಸಿದ ತಾಂಡದ ತರುಣನಿಗೆ ನೆರೆಮನೆಯ ಹುಡುಗಿ ವಧುವಾಗಲಾರಳು. ಹಿರಿಯರು ಬೇರೆ ತಾಂಡವನ್ನು ಅರಸಿ ಹೋಗಲೇಬೇಕು.

ಇದಕ್ಕೆ ಪ್ರತಿಯಾಗಿ, ಹೆದ್ದಾರಿಯ ಪಕ್ಕದಲ್ಲಿಯೇ ಮನೆ ಮಾಡಿಕೊಂಡಿರುವ ನಮ್ಮಲ್ಲಿ ಅನೇಕರು ಸೋದರಮಾವನ ಮಗಳನ್ನೋ, ಅಕ್ಕನ ಮಗಳನ್ನೋ ತರುವುದು ಬಹುಕಾಲದ ರೂಢಿ. ಹೊಲಮನೆ ಹೊರಗೆ ಹೋಗದಿರಲೆಂಬುದು ಬೇಸಾಯಗಾರನ ಲೆಕ್ಕ. ದಾರಿಯೇ ಆಸ್ತಿಯಾಗಿದ್ದವನಿಗಾದರೋ ದಾರಿಯುದ್ದಕ್ಕೂ ಬೀಗರಿದ್ದರೆ ಲಾಭ. ಹೀಗೆ ನೋಡಿದರೆ ಒಂಟಿಯೆಂದು ನಾವೆಣಿಸಿದ ತಾಂಡವೇ ದೂರದ ನಂಟನ್ನು ಬೆಳೆಸಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಹರಿಹರಕ್ಕೆ ಬಂದಿತು. ಬಂಡಿಯ ರಸ್ತೆಗಳೂ ರೈಲೂ ಸೇರಿ ಹೇರೆತ್ತಿನ ವ್ಯಾಪಾರವನ್ನು ನುಂಗಿದವು. ಬಂಜಾರರು ಕೂಲಿಗೂ ಬೇಸಾಯಕ್ಕೂ ಇಳಿದರು, ತಾಂಡಗಳು ನೆಲಕ್ಕಂಟಿದವು. ಕುಲದ ನಿಯಮ ಮಾತ್ರ ಉಳಿಯಿತು.

ಮತ್ತೊಂದು ಸಂಗತಿ ಮಾರ್ಪಟ್ಟಿತು. ಹಿಂದೆ ವರನ ಕಡೆಯವರು ವಧುವಿನ ತಂದೆಗೆ ಹಣವನ್ನೂ ಎತ್ತುಗಳನ್ನೂ ತೆರವಾಗಿ ಕೊಡುತ್ತಿದ್ದರು. ತಾಂಡದ ನಾಯಕನೂ ಹಿರಿಯರೂ ಕುಳಿತು ಮಾತು ಮುಗಿಸುತ್ತಿದ್ದರು. ಹೆಣ್ಣಿನ ದುಡಿಮೆಗೆ ಬೆಲೆಯುಂಟೆಂಬ ಭಾವನೆ ಅದರಲ್ಲಿತ್ತು. ಕಾಲಕ್ರಮದಲ್ಲಿ ಊರವರ ವರದಕ್ಷಿಣೆ ತಾಂಡವನ್ನೂ ಹೊಕ್ಕಿತು. 1961ರ ಕಾಯಿದೆಯೂ ಅದನ್ನು ತಡೆಯಲಾರದೆ ಹೋಯಿತು. ನಾವು ಅವರಿಗೆ ಕಲಿಸಿದ ನಾಗರಿಕತೆಯಲ್ಲಿ ಇದೂ ಒಂದೆಂದು ನಾಚಿಕೆಯಿಂದ ಒಪ್ಪಬೇಕಾಗಿದೆ.

ಆದರೂ ಹಳೆಯದನ್ನೆಲ್ಲ ಹೊಗಳುವುದು ನಮ್ಮ ಉದ್ದೇಶವಲ್ಲ. ಸಿಂಗರಿಸಿದ ಎತ್ತಿನ ಮೇಲೆ ನಿಂತು, ತವರನ್ನು ಬಿಡುವ ವಧು ಅಳುತ್ತ ಹಾಡುವುದು ಲಂಬಾಣಿಗರ ಪ್ರಸಿದ್ಧ ಸಂಪ್ರದಾಯ. ಕುಲವನ್ನು ವಿಚಾರಿಸಿದರು, ತೆರವನ್ನು ವಿಚಾರಿಸಿದರು. ಅವಳ ಮನಸ್ಸನ್ನು ವಿಚಾರಿಸಿದವರು ವಿರಳ. ಈ ಕೊರತೆ ತಾಂಡಕ್ಕೆ ಮಾತ್ರ ಸೇರಿದುದಲ್ಲ, ನಮ್ಮ ಮನೆಗಳಿಗೂ ಸೇರಿದುದು. ತಾಂಡದ ಹೆಣ್ಣುಮಕ್ಕಳು ಇಂದು ದಾವಣಗೆರೆಯ ಕಾಲೇಜುಗಳಲ್ಲಿ ಓದುತ್ತಿರುವರು. ದೂರದ ನಂಟನ್ನು ಬೆಸೆಯುವ ಹಳೆಯ ಔದಾರ್ಯಕ್ಕೆ ಅವರ ಸ್ವಂತ ಸಮ್ಮತಿಯೂ ಕೂಡಿದರೆ, ಆ ವಿವಾಹಪದ್ಧತಿಯಿಂದ ನಾವೇ ಕಲಿಯಬೇಕಾದೀತು.