ಕೆಲಸ ಮನೆಗೆ ಬಂತು, ಮಗು ನೋಡ್ಕೊಳ್ಳೋರು ಬರಲಿಲ್ಲ

ಈ ವಾರ ಹೇಳ್ತಿರೋದು ತೀರಾ ಹಳೆಯ ಇತಿಹಾಸ ಏನಲ್ಲ. ನಮ್ಮಲ್ಲಿ ತುಂಬ ಜನ ಅದರೊಳಗೇ ಬದುಕಿದ್ದೇವೆ. 2020ರಿಂದ 2022ರವರೆಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ಮೂರು ಕಡೆ ದುಡಿಯೋ ಅಪ್ಪ ಅಮ್ಮಂದಿರೇ ಮಕ್ಕಳಿಗೆ ಮೇಷ್ಟ್ರೂ ಆದ್ರು. ಹೇಗಾದ್ರು, ಅದರ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಅನ್ನೋದೇ ಇವತ್ತಿನ ಕಥೆ.

ಮೊದಲು ಒಂದು ಮಾತು. ಮನೇಲಿ ಕೂತು ಕೆಲಸ ಮಾಡೋದನ್ನ ಬೆಂಗಳೂರಿಗೆ ಕಲಿಸಿದ್ದು ಕೊರೊನಾ ಅಂತ ಅಂದ್ಕೋಬೇಡಿ. ಈ ಊರಿನ ಸಾವಿರಾರು ಹೆಂಗಸರು ದಶಕಗಳಿಂದ ಮನೆಯಲ್ಲೇ ಊದುಬತ್ತಿ ಹೊಸೆದಿದ್ದಾರೆ. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಪಕ್ಕದಲ್ಲಿ ಮಗು ಆಡ್ತಿರುತ್ತೆ, ಒಲೆ ಮೇಲೆ ಅನ್ನ ಬೇಯ್ತಿರುತ್ತೆ. ಇನ್ನು ಐಟಿ ವಿಷಯಕ್ಕೆ ಬಂದ್ರೆ, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಇಲ್ಲಿನ ಕೆಲಸ ಉಪಗ್ರಹ ಸಂಪರ್ಕದ ಮೂಲಕ ಹೊರದೇಶಕ್ಕೆ ಹೋಗ್ತಿತ್ತು. ಅಂದ್ರೆ ದೂರದಿಂದ ಮಾಡೋ ಕೆಲಸ ನಮ್ಮ ಐಟಿಗೆ ಹೊಸದೇನಲ್ಲ.

ಆದ್ರೆ ಮಗುವಿನ ವಿಚಾರದಲ್ಲಿ ನಮ್ಮ ಕಾನೂನು ಯಾವಾಗಲೂ ಕಟ್ಟಡವನ್ನೇ ನೋಡ್ತು. 1948ರ ಕಾರ್ಖಾನೆಗಳ ಕಾಯ್ದೆ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯೋ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕಿತ್ತು. 1976ರ ತಿದ್ದುಪಡಿ ಆ ಸಂಖ್ಯೆಯನ್ನ 30ಕ್ಕೆ ಇಳಿಸ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. 50 ಅಥವಾ ಹೆಚ್ಚು ನೌಕರರಿರೋ ಕಡೆ ಡೇಕೇರ್ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಬಹುದು. ಒಳ್ಳೇ ಕಾನೂನು. ಆದ್ರೆ ಎಲ್ಲವೂ ಕೆಲಸದ ಜಾಗ ಒಂದು ಕಡೆ, ಮನೆ ಇನ್ನೊಂದು ಕಡೆ ಅಂತ ನಂಬಿಕೊಂಡು ಬರೆದಿದ್ದು.

2020ರ ಮಾರ್ಚ್‌ನಲ್ಲಿ ಆ ನಂಬಿಕೆ ಒಂದೇ ವಾರದಲ್ಲಿ ಬಿದ್ದುಹೋಯ್ತು. ಮಾರ್ಚ್ 9ರಿಂದ ಬೆಂಗಳೂರಿನ ಎಲ್‌ಕೆಜಿ, ಯುಕೆಜಿಗೆ ರಜೆ. ಅದರ ಬೆನ್ನಲ್ಲೇ 5ನೇ ತರಗತಿವರೆಗೂ ಬಂದ್. ಇದೇ ಹೊತ್ತಲ್ಲಿ ಇನ್ನೊಂದು ಆದೇಶ ಬಂತು, ಅದನ್ನ ಹೆಚ್ಚು ಜನ ಗಮನಿಸಲಿಲ್ಲ. ಅಲ್ಲಿವರೆಗೆ ಕಾಲ್ ಸೆಂಟರ್‌ನಂಥ ಕಂಪನಿಗಳು ನೌಕರರನ್ನ ಮನೆಯಿಂದ ದುಡಿಸಬೇಕಂದ್ರೆ ದೂರಸಂಪರ್ಕ ಇಲಾಖೆಗೆ ಭದ್ರತಾ ಠೇವಣಿ ಇಡಬೇಕಿತ್ತು. ಮಾರ್ಚ್ 13ರಂದು ಇಲಾಖೆ ಆ ಷರತ್ತು ಸಡಿಲಿಸ್ತು. ಮೊದಲು ಏಪ್ರಿಲ್ 30ರವರೆಗೆ ಅಂದ್ರು, ಆಮೇಲೆ ಮುಂದಕ್ಕೆ ಹಾಕ್ತಾ ಹೋದ್ರು. ನವೆಂಬರ್ 5ಕ್ಕೆ ಹೊಸ ಮಾರ್ಗಸೂಚಿಯೇ ಬಂತು. ಕೆಲಸ ಮನೆಗೆ ಬರೋಕೆ ಬೇಕಾದ ನಿಯಮ ಎಂಟು ತಿಂಗಳಲ್ಲಿ ಪೂರ್ತಿ ಬದಲಾಯ್ತು. ಆ ಮನೇಲಿರೋ ಮಗುವಿಗೆ ಅಂತ ಅಂಥ ಒಂದು ನಿಯಮವೂ ಬರಲಿಲ್ಲ.

ನಮ್ಮಕ್ಕ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾಳೆ. ಮಗ ಆಗ ಯುಕೆಜಿ. ಹತ್ತು ಗಂಟೆಗೆ ಅವಳ ಟೀಮ್ ಕಾಲ್, ಹತ್ತು ಗಂಟೆಗೇ ಅವನ ಕ್ಲಾಸ್. ಇವಳು ಮ್ಯೂಟ್ ಮಾಡಿ 'ಅ, ಆ' ತಿದ್ದಿಸೋಳು, ಅನ್‌ಮ್ಯೂಟ್ ಮಾಡಿ ಬಗ್ ನಂಬರ್ ಹೇಳೋಳು. ಭಾವನೂ ಮನೇಲೇ ಇದ್ರು, ಆದ್ರೆ ರೂಮಿನ ಬಾಗಿಲು ಹಾಕ್ಕೊಂಡು. ಇದು ನಮ್ಮನೆ ಕಥೆ ಮಾತ್ರ ಅಂತ ನಗಬೇಡಿ. ಕೊರೊನಾಗೂ ಮುಂಚೆ, 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಮನೆಗೆಲಸ ಮಾಡೋ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು, ಗಂಡಸರು 97 ನಿಮಿಷ. ಶಾಲೆ ಬಂದು ಸೇರಿಕೊಂಡಿದ್ದು ಈ 299ರ ಮೇಲೆ.

ಈಗ ಪೀಣ್ಯಕ್ಕೆ ಬನ್ನಿ. ಲೇತ್ ಮಷೀನನ್ನ ಮನೆಗೆ ತರೋಕಾಗಲ್ಲ. 2020ರ ಮೇ ತಿಂಗಳಿಂದ ಕಾರ್ಖಾನೆಗಳು ಮತ್ತೆ ಶುರುವಾದವು. ಮೇ 22ರಂದು ರಾಜ್ಯ ಸರ್ಕಾರ ದಿನಕ್ಕೆ 10 ಗಂಟೆ ದುಡಿಸೋಕೂ ಅವಕಾಶ ಕೊಡ್ತು. ಪ್ರಶ್ನೆ ಹೈಕೋರ್ಟ್‌ಗೆ ಹೋದ ಮೇಲೆ ಜೂನ್ 11ಕ್ಕೆ ಅದನ್ನ ವಾಪಸ್ ತಗೊಂಡ್ರು. ಶಾಲೆ, ಅಂಗನವಾಡಿ ಮಾತ್ರ ಮುಚ್ಚೇ ಇದ್ದವು. ಆಗ ನಾನು ಬಿ.ಕಾಂ ಮುಗಿಸಿ ಅಲ್ಲಿನ ಒಂದು ಚಿಕ್ಕ ಘಟಕದಲ್ಲಿ ಲೆಕ್ಕ ಬರೀತಿದ್ದೆ. ಪ್ಯಾಕಿಂಗ್‌ನಲ್ಲಿ ಹನ್ನೊಂದು ಜನ ಹೆಂಗಸರು. ಒಬ್ಬರ ಮಗಳು ರಟ್ಟಿನ ಡಬ್ಬಗಳ ಹಿಂದೆ ಕೂತು ಕಾಪಿ ಬರೀತಿದ್ಲು. ಹನ್ನೊಂದು ಅನ್ನೋದು ಮೂವತ್ತರ ಗೆರೆ ದಾಟಲ್ಲ, ಹಾಗಾಗಿ ಅಲ್ಲಿ ಶಿಶುಪಾಲನಾ ಕೊಠಡಿ ಕಡ್ಡಾಯವೇ ಇರಲಿಲ್ಲ. ಪೀಣ್ಯ ತುಂಬ ಇರೋದೇ ಇಂಥ ಸಣ್ಣ ಘಟಕಗಳು.

ಇನ್ನು ಪಾಠದ ಕಥೆ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ನಿಷೇಧಿಸ್ತು. ಎಳೇ ಕಣ್ಣುಗಳ ಬಗ್ಗೆ ಇದ್ದ ಕಾಳಜಿ ನ್ಯಾಯವಾದದ್ದೇ. ಕೆಲವು ಪೋಷಕರು ಕೋರ್ಟ್‌ಗೆ ಹೋದ್ರು, ಜುಲೈ 8ರಂದು ಹೈಕೋರ್ಟ್ ನಿಷೇಧಕ್ಕೆ ತಡೆ ಕೊಡ್ತು. ಒಂದು ವಾರದೊಳಗೆ ಕೇಂದ್ರದ 'ಪ್ರಜ್ಞಾತಾ' ಮಾರ್ಗಸೂಚಿ ಬಂತು. ಪೂರ್ವ ಪ್ರಾಥಮಿಕ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರಬಾರದು, ಅದೂ ಪೋಷಕರ ಜೊತೆ ಮಾತಾಡಿ ಅವರಿಗೆ ಮಾರ್ಗದರ್ಶನ ಕೊಡೋಕೆ. ಗಮನಿಸಿ, ಪಾಠ ಮಗುವಿಗಲ್ಲ, ಅಮ್ಮನಿಗೆ! ಅಮ್ಮ ಮನೇಲಿ ಬಿಡುವಾಗಿ ಇರ್ತಾಳೆ ಅನ್ನೋದು ಸರ್ಕಾರಿ ಕಾಗದದಲ್ಲೂ ಲೆಕ್ಕಕ್ಕೆ ಸೇರಿಹೋಗಿತ್ತು.

ಕೊನೆಗೆ 1ರಿಂದ 5ನೇ ತರಗತಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತಿರ ಹತ್ತಿರ 20 ತಿಂಗಳು. ಅಂಗನವಾಡಿ, ಎಲ್‌ಕೆಜಿ ನವೆಂಬರ್ 8ಕ್ಕೆ. ಮಾಲ್, ಹೋಟೆಲ್‌ಗಳು 2020ರ ಜೂನ್ 8ಕ್ಕೇ ತೆರೆದಿದ್ದವು. ಅಜೀಂ ಪ್ರೇಮ್‌ಜಿ ಸಂಸ್ಥೆಯವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ, 2ರಿಂದ 6ನೇ ತರಗತಿಯ 16,067 ಸರ್ಕಾರಿ ಶಾಲಾ ಮಕ್ಕಳನ್ನ ನೋಡಿದ್ರು. ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದರಲ್ಲಿ ಭಾಷೆಯ ಒಂದಾದ್ರೂ ಸಾಮರ್ಥ್ಯ ಕಳ್ಕೊಂಡಿದ್ರು, ಶೇ 82ರಷ್ಟು ಮಕ್ಕಳು ಗಣಿತದ್ದು.

ಕಾಮರ್ಸ್ ಓದಿದವನಾಗಿ ನನಗೆ ಕಾಣೋದು ಇಷ್ಟು. ಖರ್ಚು ಯಾವತ್ತೂ ಮಾಯ ಆಗಲ್ಲ, ಒಂದು ಲೆಡ್ಜರ್‌ನಿಂದ ಇನ್ನೊಂದಕ್ಕೆ ಹೋಗುತ್ತೆ. ಕಂಪನಿಯ ಡೇಕೇರ್, ಶಾಲೆಯ ಮೇಷ್ಟ್ರು, ಅಂಗನವಾಡಿ ಟೀಚರ್ ಮಾಡ್ತಿದ್ದ ಕೆಲಸವೆಲ್ಲ ಮನೆಯ ಲೆಕ್ಕಕ್ಕೆ ಬಂತು. ಮನೆಯೊಳಗೆ ಅದು ಯಾರ ಹೆಸರಿಗೆ ಹೋಯ್ತು ಅಂತ ಆ 299 ನಿಮಿಷ ಹೇಳುತ್ತೆ. ಪೀಣ್ಯದಲ್ಲಿ ಆ ಸಾಲ ತೀರಿಸಿದ್ದು ಡಬ್ಬಗಳ ಹಿಂದೆ ಕೂತ ಮಗು.

ದಾರಿ ಇಲ್ಲ ಅನ್ನೋ ಹಾಗಿಲ್ಲ. 2023ರಲ್ಲಿ ಇದೇ ರಾಜ್ಯ ನರೇಗಾ ಕೂಲಿ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಯೋಜನೆ ತಂತು. ಅಲ್ಲಿ ಲೆಕ್ಕ ಊರಿಂದ ಶುರುವಾಗುತ್ತೆ, ಒಬ್ಬ ಮಾಲೀಕನ ಹಾಜರಿ ಪುಸ್ತಕದಿಂದ ಅಲ್ಲ. ಪೀಣ್ಯದ ಒಂದೊಂದು ಹಂತಕ್ಕೆ, ವೈಟ್‌ಫೀಲ್ಡ್‌ನ ಒಂದೊಂದು ವಾರ್ಡಿಗೆ ಅಂಥದ್ದೊಂದು ಯಾಕಿರಬಾರದು? ಮುಂದಿನ ಸಲ ಶಾಲೆಗೆ ದಿಢೀರ್ ರಜೆ ಅಂತ ಮೆಸೇಜ್ ಬಂದಾಗ, ನಿಮ್ಮನೇಲಿ ಯಾರು ಫೋನ್ ಕೆಳಗಿಟ್ಟು ಏಳ್ತಾರೆ ಅಂತ ಒಮ್ಮೆ ನೋಡಿ.