ತೊಟ್ಟಿಲ ಕೌದಿ

ಇತಿಹಾಸದ ಅಧ್ಯಾಪಕಿಯಾಗಿ ಮೂವತ್ತು ವರ್ಷ ಶಿಲಾಶಾಸನ, ತಾಮ್ರಪಟಗಳ ಮಾತನ್ನೇ ಆಡಿದ ನಾನು ಇಂದು ನಿಮ್ಮೆದುರು ಒಂದು ಗಜ ಉದ್ದದ ಹಳೆಯ ಬಟ್ಟೆಯ ವಿಚಾರ ಹೇಳಹೊರಟಿದ್ದೇನೆ. ಕಳೆದ ಚಳಿಗಾಲದಲ್ಲಿ ನನ್ನ ಮೊಮ್ಮಗಳಿಗೆ ಕೂಸು ಹುಟ್ಟಿತು. ದೂರದ ಊರಿನಲ್ಲಿರುವ ಅವಳಿಗೆ ನಾನೇ ಒಂದು ತೊಟ್ಟಿಲ ಕೌದಿ ಹೊಲಿದು ಕಳುಹಿಸಿದೆ. ತಲುಪಿದ ದಿನವೇ ಫೋನು ಮಾಡಿ, "ಅಜ್ಜೀ, ಇಷ್ಟು ಚಂದ ಐತಿ, ಹಾಸಿ ಹಾಳು ಮಾಡೂದು ಹೆಂಗ? ಕಪಾಟಿನ್ಯಾಗ ಜ್ವಾಕ್ಯಾಗಿ ಇಟ್ಟೀನಿ" ಎಂದಳು. ಅವಳದು ಪ್ರೀತಿಯ ಮಾತೇ. ಆದರೂ ನನಗೆ ಕಸಿವಿಸಿಯಾಯಿತು. ಏಕೆಂಬುದನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕಾಗಿದೆ.

ಕೌದಿಗೆ ಹೊಸ ಬಟ್ಟೆ ಸಲ್ಲದು. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ, ಕೂಸಿನ ಮೈ ಕೆಂಪಾಗುತ್ತದೆ. ವರ್ಷಗಟ್ಟಲೆ ಒಗೆದು ಬೆಣ್ಣೆಯಂತಾದ ಧೋತರ ಒಳಪದರಕ್ಕೆ. ಮೇಲಕ್ಕೆ ಸೀರೆಯ ತುಂಡುಗಳು. ನಾನು ಬಳಸಿದ್ದು ನನ್ನ ಇಳಕಲ್ ಸೀರೆಯ ಸೆರಗನ್ನು ಮತ್ತು ತೀರಿಹೋದ ನನ್ನ ಅಕ್ಕನ ಎರಡು ಕಣದ ಕುಪ್ಪಸಗಳನ್ನು. ಅಂಚನ್ನು ಒಳಮಡಚಿ, ಹೊರಗಿನಿಂದ ಹೊಲಿಯುತ್ತ ಸುತ್ತುಸುತ್ತಾಗಿ ನಡುವಿಗೆ ಬರಬೇಕು. ದಾರದ ಗಂಟು ಪದರಗಳ ನಡುವೆ ಅಡಗಬೇಕು. ಹೊರಗಿದ್ದರೆ ಕೂಸಿನ ಬೆನ್ನಿಗೆ ಒತ್ತುತ್ತದೆ. ಕೊನೆಗೆ ನಡುವೆ ಉಳಿಯುವ ತೆರಪನ್ನು ನಮ್ಮ ಮನೆಯಲ್ಲಿ ಕೌದಿಯ ಹೊಟ್ಟೆ ಎನ್ನುತ್ತಿದ್ದರು. ಹೊಟ್ಟೆ ಹಸಿದಿರಬಾರದೆಂದು ನನ್ನ ಅಜ್ಜಿ ಅದರಲ್ಲಿ ರೊಟ್ಟಿಯ ಚೂರೊಂದನ್ನಿಟ್ಟು ಮುಚ್ಚಿ ಹೊಲಿಯುತ್ತಿದ್ದಳು. ಇರುವೆ ಬರುವುದಿಲ್ಲವೇ ಎಂದು ಕೇಳಿ ನಾನು ಬೈಸಿಕೊಂಡದ್ದುಂಟು.

ಹಳೆಯ ಚಿಂದಿಗಳನ್ನು ಜೋಡಿಸಿ ಹೊದಿಕೆ ಮಾಡುವ ಈ ಕ್ರಮ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ಸಂಸ್ಕೃತದ ಕಂಥಾ, ಕನ್ನಡದ ಕಂಥೆ ಎಂಬ ಮಾತುಗಳಿಗೆ ಇದೇ ಅರ್ಥ. ಬೌದ್ಧ ಭಿಕ್ಷುಗಳು ಎಸೆದ ಬಟ್ಟೆಗಳನ್ನು ಆಯ್ದು ಹೊಲಿದುಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳಂತೆ ಚೀವರದ ತುಂಡುಗಳು ಕೂಡಬೇಕೆಂದು ಬುದ್ಧನು ಆನಂದನಿಗೆ ಸೂಚಿಸಿದ ಪ್ರಸಂಗ ವಿನಯಪಿಟಕದಲ್ಲಿದೆ. ಎಲ್ಲವನ್ನೂ ಬಿಟ್ಟು ಹೊರಟವನಿಗೂ ಏನನ್ನೂ ತರದೆ ಬಂದ ಕೂಸಿಗೂ ನಮ್ಮ ಹಿರಿಯರು ಒಂದೇ ಬಗೆಯ ಬಟ್ಟೆಯನ್ನು ಹೊದಿಸಿದರೆಂಬುದು ನನಗೆ ಯಾವಾಗಲೂ ಬೆರಗಿನ ಸಂಗತಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಹೆಂಗಸರು ಇದನ್ನು ಕವಂದಿ ಎನ್ನುತ್ತಾರೆ. ಇವರ ಪೂರ್ವಿಕರಲ್ಲಿ ಅನೇಕರು ಆಫ್ರಿಕದಿಂದ ಗುಲಾಮರಾಗಿ ಪೋರ್ಚುಗೀಸರ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರು. ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಕವಂದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಾಡಿದ ಮುಮ್ಮೂಲೆಯ ಹೂಗಳಿರುತ್ತವೆ. ಆ ಹೂಗಳಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಹೊಲಿಗೆಯನ್ನು ಕುರಿತು ವಿಸ್ತಾರವಾಗಿ ಬರೆದ ಮೇಲೆ ಹೊರಗಿನವರ ಗಮನ ಇತ್ತ ಹರಿಯಿತು. ಅದಕ್ಕೆ ಮೊದಲು ನಾವು, ಇಲ್ಲಿಯೇ ಪಕ್ಕದಲ್ಲಿದ್ದ ಇತಿಹಾಸದ ಅಧ್ಯಾಪಕರು, ಏನು ಮಾಡುತ್ತಿದ್ದೆವು? ನನ್ನನ್ನೂ ಸೇರಿಸಿಕೊಂಡೇ ಕೇಳುತ್ತಿದ್ದೇನೆ.

ನಮ್ಮ ಬಳಿ ಒಂದು ನೆಪವಿತ್ತು: ಆಧಾರವಿಲ್ಲ ಎಂಬುದು. ಅದು ಸುಳ್ಳೂ ಅಲ್ಲ. ನನ್ನ ಅಜ್ಜಿ ಹೊಲಿದ ಕೌದಿಗಳಲ್ಲಿ ಒಂದೂ ಉಳಿದಿಲ್ಲ. ತೊಟ್ಟಿಲಲ್ಲಿ ಹಾಸಿದ್ದು ದಿನಕ್ಕೆರಡು ಸಲ ನೆನೆಯುತ್ತದೆ. ಕಲ್ಲಿನ ಮೇಲೆ ಬಡಿಸಿಕೊಳ್ಳುತ್ತದೆ. ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕಡೆಗೆ ಬಿಸಿ ಪಾತ್ರೆ ಇಳಿಸುವ ಮಸಿಯರಿವೆಯಾಗಿ ಒಲೆಯ ಬಳಿ ಮುಗಿಯುತ್ತದೆ.

ಕೂಸುಗಳ ಬಟ್ಟೆ ಹಾಗಾದರೆ ಎಲ್ಲಿಯೂ ಉಳಿದಿಲ್ಲವೇ? ಉಳಿದಿದೆ, ಲಂಡನ್ನಿನಲ್ಲಿ. ಅಲ್ಲಿ ತಾಯಂದಿರು ಸಾಕಲಾಗದ ಶಿಶುಗಳನ್ನು ತಂದೊಪ್ಪಿಸುವುದಕ್ಕಾಗಿ ಥಾಮಸ್ ಕೋರಮ್ ಎಂಬಾತನ ಪ್ರಯತ್ನದಿಂದ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಆಶ್ರಮ ಸ್ಥಾಪಿತವಾಗಿ, 1741ರಲ್ಲಿ ಮೊದಲ ಮಕ್ಕಳನ್ನು ಸ್ವೀಕರಿಸಿತು. ತಾಯಿಯ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ. ಮುಂದೆಂದಾದರೂ ಆಕೆ ಮರಳಿ ಬಂದರೆ ಗುರುತಿಗಿರಲೆಂದು ಬಟ್ಟೆಯ ತುಂಡೊಂದನ್ನು ದಾಖಲೆಯ ಹಾಳೆಗೆ ಸೂಜಿಯಿಂದ ಚುಚ್ಚಿಡುತ್ತಿದ್ದರು. ಹೀಗೆ 1741ರಿಂದ 1760ರವರೆಗಿನ ಸುಮಾರು 5,000 ತುಂಡುಗಳು ಅಲ್ಲಿಯ ದಾಖಲೆಗಳಲ್ಲಿ ಇಂದಿಗೂ ಇವೆ. ಬಣ್ಣ ಮಾಸಿಲ್ಲ, ಏಕೆಂದರೆ ಅವುಗಳನ್ನು ಮತ್ತೆ ಯಾರೂ ಒಗೆಯಲಿಲ್ಲ. ಆ ಅವಧಿಯಲ್ಲಿ ಬಂದ 16,282 ಶಿಶುಗಳಲ್ಲಿ ತಾಯ್ತಂದೆಯರು ಮರಳಿ ಒಯ್ದದ್ದು 152ನ್ನು ಮಾತ್ರ.

ಅನಂತರದ ಒಂದು ಪ್ರಸಂಗವಿದೆ. 1767ರಲ್ಲಿ ಸಾರಾ ಬೆಂಡರ್ ಎಂಬ ತಾಯಿ ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿದು, ಮೇಲೆ ಹೃದಯದ ಆಕೃತಿ ತೆಗೆದ ಪುಟ್ಟ ತೇಪೆಗೆಲಸವನ್ನು ನಡುವೆ ಕತ್ತರಿಸಿ, ಅರ್ಧವನ್ನು ಮಗನೊಂದಿಗೆ ಬಿಟ್ಟು ಹೋದಳು. ಎಂಟು ವರ್ಷಗಳ ಮೇಲೆ, 1775ರಲ್ಲಿ, ಬಂದು ಮಗನನ್ನು ಕರೆದೊಯ್ದಳು.

ಆ ತುಂಡುಗಳ ಚಿತ್ರಗಳನ್ನು ನೋಡಿದಂದಿನಿಂದ ಅಜ್ಜಿಯ ಕೌದಿ ಉಳಿಯಲಿಲ್ಲವೆಂಬ ಕೊರಗು ನನಗೆ ಕಡಿಮೆಯಾಗಿದೆ. ಲಂಡನ್ನಿನಲ್ಲಿ ಬಟ್ಟೆ ಉಳಿದದ್ದು ಕೂಸು ಅದರಿಂದ ಅಗಲಿದ್ದರಿಂದ. ನಮ್ಮ ಮನೆಯಲ್ಲಿ ಅದು ಸವೆದದ್ದು ಕೂಸುಗಳು ಅದರ ಮೇಲೆ ಹೊರಳಿ ಬೆಳೆದದ್ದರಿಂದ.

ಆದುದರಿಂದ ಮೊಮ್ಮಗಳಿಗೆ ಕಾಗದ ಬರೆದೆ: ಕಪಾಟಿನಿಂದ ತೆಗೆ, ಬಿಸಿನೀರಿನಲ್ಲಿ ಅದ್ದಿ ಒಗೆ, ಬಿಸಿಲಿಗೆ ಹರವು, ಹರಿದಲ್ಲಿ ತೇಪೆ ಹಾಕು. ಮೊನ್ನೆ ಅವಳು ಚಿತ್ರವೊಂದನ್ನು ಕಳುಹಿಸಿದಳು. ಕೂಸು ಕೌದಿಯ ಮೂಲೆಯನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿದೆ. ಸೆರಗಿನ ಕೆಂಪು ಬಣ್ಣ ಬಿಡಬಹುದೇ ಎಂದು ಅವಳಿಗೆ ಅಂಜಿಕೆ. ನಲವತ್ತು ವರ್ಷ ಒಗೆದ ಸೀರೆ, ಬಿಡುವ ಬಣ್ಣವೆಲ್ಲ ಎಂದೋ ಬಿಟ್ಟಾಗಿದೆ ಎಂದು ಹೇಳಿದೆ.