ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿದ ಕಥೆ

ಕಳೆದ ಯುಗಾದಿ ಊಟದ ದಿನ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನ ಹುಟ್ಟಿತು. ಹೋಳಿಗೆ ಊಟ ಮುಗಿದ ಮೇಲೆ, ಊರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಸಭಾಂಗಣದ ಮೂಲೆಯಲ್ಲಿ ಕುಳಿತು ಸಂಚಿ ಬಿಚ್ಚಿದರು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಚೂರು ಇಟ್ಟು ಮಡಿಸಿ ಬಾಯಿಗೆ ಹಾಕಿಕೊಂಡು, ಕೊನೆಗೆ ಒಂದು ಚೂರು ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ದವಡೆಗೆ ಒತ್ತಿಕೊಂಡರು. ಸುತ್ತ ನಿಂತಿದ್ದ ಮಕ್ಕಳಿಗೆ ಅದು ಜಾದೂಗಾರನ ಆಟದಂತೆ ಕಂಡಿತು. "ಅಜ್ಜಿ, ಇದು ನಮ್ಮ ಸಂಸ್ಕೃತಿನಾ?" ಎಂದು ಒಬ್ಬ ಹುಡುಗಿ ಕೇಳಿದಳು. "ಹೂಂ ಕಣಮ್ಮ, ರಾಮಾಯಣದ ಕಾಲದಿಂದಲೂ ಇದೆ" ಎಂದರು ಅಜ್ಜಿ.

ಪಕ್ಕದಲ್ಲಿದ್ದ ನಾನು ಆಗ ಸುಮ್ಮನಿದ್ದೆ. ತಾಂಬೂಲ ನಮ್ಮಲ್ಲಿ ಬಹಳ ಹಳೆಯದು, ನಿಜ. ಆದರೆ ಕೊನೆಗೆ ಸೇರಿದ ಆ ಹೊಗೆಸೊಪ್ಪಿಗೂ ರಾಮಾಯಣಕ್ಕೂ ಯಾವ ಸಂಬಂಧವೂ ಇಲ್ಲ. ಹುಡುಗಿಯ ಪ್ರಶ್ನೆಗೆ ತಡವಾಗಿಯಾದರೂ ಸರಿಯಾದ ಉತ್ತರ ಕೊಡೋಣವೆಂದು ಈ ಚರಿತ್ರೆಯನ್ನು ಬರೆಯುತ್ತಿದ್ದೇನೆ.

ಮೊದಲು ತಾಂಬೂಲದ ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳ ಪೈಕಿ ತಾಂಬೂಲಕ್ಕೂ ಸ್ಥಾನವಿದೆ. ಅದೇ ಶತಮಾನದಲ್ಲಿ ಬಸವಣ್ಣನವರ ಎಲೆ ಅಡಿಕೆ ಚೀಲವನ್ನು, ಅಂದರೆ ಹಡಪವನ್ನು, ಹಿಡಿಯುವ ಕಾಯಕ ಮಾಡಿದವರು ಹಡಪದ ಅಪ್ಪಣ್ಣನವರು. ಅವರು ಸ್ವತಃ ವಚನಕಾರರು. 1443ರಲ್ಲಿ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ವೀಳ್ಯದ ಮರ್ಯಾದೆ ಸಿಕ್ಕಿತು. ಎಲೆ, ಅಡಿಕೆ, ಸುಣ್ಣ ಸೇರಿಸಿ ಮೆಲ್ಲುವ ಬಗೆಯನ್ನು ಆತ ಬೆರಗಿನಿಂದ ವರ್ಣಿಸಿದ್ದಾನೆ. ಮದುವೆಯ ಮಾತುಕತೆ ಮುಗಿದರೆ ತಾಂಬೂಲ, ಯುದ್ಧಕ್ಕೆ ಹೊರಟರೆ ರಣವೀಳ್ಯ, ಮನೆಗೆ ಬಂದ ಮುತ್ತೈದೆಗೆ ಅರಿಶಿನ ಕುಂಕುಮದ ಜೊತೆ ವೀಳ್ಯ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆ ಹುಟ್ಟಿದ್ದೂ ಸುಮ್ಮನಲ್ಲ. ಇಂಗ್ಲಿಷರ 'ಬೀಟಲ್' ಎಂಬ ಪದ ಮಲಯಾಳದ ವೆಟ್ಟಿಲದಿಂದ ಪೋರ್ಚುಗೀಸರ ಮೂಲಕ ಹೋದದ್ದು. 'ಅರೆಕಾ' ಎಂಬುದೂ ನಮ್ಮ ಕಡೆಯ ಅಡಿಕೆಯೇ.

ಇಷ್ಟೆಲ್ಲ ವೈಭವದಲ್ಲಿ ಹೊಗೆಸೊಪ್ಪಿನ ಹೆಸರೇ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಯಾಕೆಂದರೆ ಅದು ಭಾರತದ ಗಿಡವೇ ಅಲ್ಲ. ನಾವು ನೀವು ಈಗ ವಾಸವಾಗಿರುವ ಅಮೆರಿಕ ಖಂಡದ್ದು! 1492ರಲ್ಲಿ ಕೊಲಂಬಸನ ಜೊತೆ ಬಂದವರು ಇಲ್ಲಿನ ಮೂಲನಿವಾಸಿಗಳು ಈ ಎಲೆಯ ಹೊಗೆ ಸೇದುವುದನ್ನು ಮೊದಲು ಕಂಡರು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ, ಮೆಣಸಿನಕಾಯಿ, ಗೋಡಂಬಿಗಳ ಹಾಗೆ ಇದೂ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿಯಿತು. ಗೋವೆಯ ನೆರೆಯ ರಾಜ್ಯ ಬಿಜಾಪುರ. ಅಕ್ಬರನ ದೂತ ಅಸದ್ ಬೇಗ್ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನಕ್ಕೆ ಬಂದಿದ್ದಾಗ ಅಲ್ಲಿ ತಂಬಾಕನ್ನು ಮೊದಲ ಬಾರಿಗೆ ಕಂಡು, ಸುಮಾರು 1604-05ರಲ್ಲಿ ಚೆಂದದ ಕೊಳವೆಯ ಸಮೇತ ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ಒಂದೆರಡು ಬಾರಿ ಸೇದಿ ನೋಡಿದ. ಆಸ್ಥಾನದ ವೈದ್ಯರು, "ಗೊತ್ತಿಲ್ಲದ ವಸ್ತು, ನಮ್ಮ ಗ್ರಂಥಗಳಲ್ಲಿ ಇಲ್ಲ, ಬೇಡ" ಎಂದು ತಡೆದರೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿಯೂ ನೋಡಿದ. ಫಲ ಸಿಗಲಿಲ್ಲ. ಉತ್ತರ ಹಿಂದೂಸ್ತಾನದ ದರ್ಬಾರಿಗೆ ತಂಬಾಕು ಹೋದದ್ದು ನಮ್ಮ ಬಿಜಾಪುರದಿಂದ ಎಂಬುದು ಹೆಮ್ಮೆ ಪಡುವಂಥ ಸಂಗತಿಯೇನಲ್ಲ, ಆದರೂ ತಿಳಿದಿರಲಿ.

ಹೆಸರೇನೋ ಹೊಗೆಸೊಪ್ಪು. ಆದರೆ ನಮ್ಮ ಹಳ್ಳಿಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅದು ಹೊಗೆಯಾಗದೆ ಬಾಯೊಳಗಿನ ತುತ್ತಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಹೆಣ್ಣುಮಗಳು ಬೀಡಿ ಸೇದಿದರೆ ಊರು ಆಡಿಕೊಳ್ಳುತ್ತದೆ. ಎಲೆ ಅಡಿಕೆ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅದರ ಮಡಿಕೆಯಲ್ಲಿ ಒಂದು ಚೂರು ಹೊಗೆಸೊಪ್ಪೋ, ಚಿಟಿಕೆ ಕಡ್ಡಿಪುಡಿಯೋ ಸೇರಿದರೆ ಯಾರಿಗೂ ತಿಳಿಯದು. ಹಸಿವು ಅಡಗುತ್ತದೆ, ನಾಟಿ ಹಾಕುವಾಗ ಬೆನ್ನು ನೋವು ಮರೆಯುತ್ತದೆ, ಹಲ್ಲು ನೋವಿಗೂ ಅದೇ ಮದ್ದು. ಹಲ್ಲು ಉದುರಿದ ಮೇಲೂ ಬಿಡಬೇಕಾಗಿಲ್ಲ, ಕುಟ್ಟಾಣಿಯಲ್ಲಿ ಕುಟ್ಟಿಕೊಂಡರಾಯಿತು. ಹೀಗೆ ಪರದೇಶದ ಎಲೆ ನಮ್ಮ ಅಜ್ಜಿಯರ ಸಂಚಿಯೊಳಗೆ ಮನೆಮಗಳಂತೆ ಕುಳಿತುಬಿಟ್ಟಿತು.

ಇದರ ಲೆಕ್ಕವನ್ನು ಮೊದಲು ಕೇಳಿದವರು ಆಸ್ಪತ್ರೆಗಳ ವೈದ್ಯರು. 1902ರಲ್ಲಿಯೇ ಮದರಾಸಿನ ಡಾ. ನಿಬ್ಲಾಕ್ ತಮ್ಮ ಆಸ್ಪತ್ರೆಯಲ್ಲಿ ಕೆನ್ನೆಯ ಒಳಭಾಗದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ವರದಿ ಮಾಡಿದರು. 1908ರಲ್ಲಿ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯ ಡಾ. ಬೆಂಟಾಲ್ 1,700 ಕ್ಯಾನ್ಸರ್ ರೋಗಿಗಳ ವಿವರ ಪ್ರಕಟಿಸಿದರು. 1933ರಲ್ಲಿ ಅದೇ ನೆಯ್ಯೂರಿನಿಂದ ಡಾ. ಓರ್ 'ಲಾನ್ಸೆಟ್' ಪತ್ರಿಕೆಗೆ ಬರೆದು, ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಿಗೂ ಬಾಯಿ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಅಂದರೆ ವಿಷಯ ತಿಳಿದು ನೂರು ವರ್ಷವಾಗುತ್ತ ಬಂದಿದೆ. ತಿಳಿದದ್ದು ಹಳ್ಳಿಯ ಜಗುಲಿಯವರೆಗೆ ತಲುಪಲಿಲ್ಲ, ಅಷ್ಟೆ.

ಕರ್ನಾಟಕದ ಮಟ್ಟಿಗೆ ದೊಡ್ಡ ಹೆಜ್ಜೆ ಎಂದರೆ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಆರಂಭವಾದದ್ದು. 1982ರಿಂದ ಅಲ್ಲಿ ಇಡೀ ಬೆಂಗಳೂರಿನ ಕ್ಯಾನ್ಸರ್ ದಾಖಲೆ ಇಡಲು ತೊಡಗಿದರು. ಲೋಕದಲ್ಲೆಲ್ಲ ಬಾಯಿ ಕ್ಯಾನ್ಸರ್ ಗಂಡಸರ ರೋಗವೆಂದೇ ಹೆಸರು; ಬೆಂಗಳೂರಿನ ಆ ದಾಖಲೆಗಳಲ್ಲಿ ಮಾತ್ರ ಹೆಂಗಸರದೇ ಮೇಲುಗೈ. 1990ರಲ್ಲಿ ಆ ದಾಖಲೆಯಿಂದಲೇ 348 ರೋಗಿಗಳನ್ನು ತೆಗೆದುಕೊಂಡು, ಅದೇ ಬಡಾವಣೆಗಳ ಆರೋಗ್ಯವಂತರ ಜೊತೆ ಹೋಲಿಸಿದ ಅಧ್ಯಯನವೊಂದು ಹೊರಬಂತು. ಹೊಗೆಸೊಪ್ಪಿನ ಜೊತೆ ಎಲೆ ಅಡಿಕೆ ಹಾಕುವ ಹೆಂಗಸರಿಗೆ ಅಪಾಯ ಸುಮಾರು 25 ಪಟ್ಟು. ರಾತ್ರಿ ತುತ್ತನ್ನು ದವಡೆಯಲ್ಲಿಟ್ಟುಕೊಂಡೇ ಮಲಗುವವರಿಗೆ ಸುಮಾರು 17 ಪಟ್ಟು. ರಾಗಿ ಉಣ್ಣುವವರಲ್ಲಿ ರೋಗ ಹೆಚ್ಚು ಎಂಬುದೂ ಅದರಲ್ಲಿ ಕಂಡಿತು. ಹಾಗೆಂದು ಮುದ್ದೆ ಬಿಟ್ಟು ಹೊಗೆಸೊಪ್ಪು ಹಾಕಿಕೊಳ್ಳಬಹುದು ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು!

ಈ 17 ಪಟ್ಟಿನ ಲೆಕ್ಕವನ್ನು ಮೊದಲು ಓದಿದಾಗ ನನಗೆ ಊಟ ಸೇರಲಿಲ್ಲ. ನನ್ನ ತಾಯಿಯ ತಾಯಿ ತುಮಕೂರು ಜಿಲ್ಲೆಯ ಹಳ್ಳಿಯವರು. ಬೆಳಿಗ್ಗೆ ಕಾಫಿಯಾದ ಮೇಲೆ ಒಂದು, ಊಟಕ್ಕೊಂದು, ರಾತ್ರಿ ದೀಪ ಆರಿಸುವ ಮುಂಚೆ ಒಂದು. ಆ ಕೊನೆಯ ತುತ್ತು ಬೆಳಗಿನವರೆಗೂ ಎಡ ದವಡೆಯಲ್ಲೇ ಇರುತ್ತಿತ್ತು. ನಾನು ಎಂ.ಬಿ.ಬಿ.ಎಸ್. ಮೊದಲ ವರ್ಷದ ರಜೆಗೆ ಹೋದಾಗ ಆಕೆ ಹುಳಿ ಖಾರ ಬಿಟ್ಟು ಮಜ್ಜಿಗೆ ಅನ್ನಕ್ಕೆ ಇಳಿದಿದ್ದರು. "ಯಾಕಜ್ಜಿ, ಬಾಯಿಗೇನಾಯ್ತು?" ಎಂದೆ. "ಏನಿಲ್ಲ ಕಣಪ್ಪ, ಸುಣ್ಣ ಜಾಸ್ತಿಯಾಗಿ ಬಾಯಿ ಬೆಂದಿದೆ" ಎಂದರು. ಡಾಕ್ಟರಾಗಲಿದ್ದ ಮೊಮ್ಮಗ ನಾನು ಬಾಯಿ ತೆರೆಸಿ ನೋಡಲಿಲ್ಲ. ಪೇಟೆಯಿಂದ ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚಲು ನೇರಳೆ ಬಣ್ಣದ ಔಷಧಿ ತಂದುಕೊಟ್ಟು ದೊಡ್ಡಸ್ತಿಕೆ ತೋರಿಸಿ ಹೊರಟುಬಂದೆ. ಮುಂದಿನ ರಜೆಯ ಹೊತ್ತಿಗೆ ಕತ್ತಿನಲ್ಲಿ ಗಡ್ಡೆ. ಬೆಂಗಳೂರಿಗೆ ಕರೆತಂದಾಗ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಆ ಎಡ ದವಡೆಯನ್ನು ಒಂದು ಬ್ಯಾಟರಿ ಹಿಡಿದು ನೋಡಲು ಒಂದು ನಿಮಿಷವೂ ಬೇಕಿರಲಿಲ್ಲ.

ಯಾಕೆ ಹೀಗಾಗುತ್ತದೆ? ಸುಣ್ಣವು ಕ್ಷಾರ. ಅದು ಸೇರಿದಾಗ ತಂಬಾಕಿನ ನಿಕೋಟಿನ್ ಬಾಯಿಯ ಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತದೆ, ಚಟ ಬಿಗಿಯಾಗುತ್ತದೆ. ತಂಬಾಕಿನಲ್ಲಿರುವ ನೈಟ್ರೊಸಮೀನ್ ಎಂಬ ವಿಷವಸ್ತುಗಳು ತುತ್ತು ಇಟ್ಟ ಜಾಗದಲ್ಲೇ ದಿನವಿಡೀ ಕೆಲಸ ಮಾಡುತ್ತವೆ. ಅದಕ್ಕೇ ನಮ್ಮವರಲ್ಲಿ ರೋಗ ಹೆಚ್ಚಾಗಿ ಕೆನ್ನೆಯ ಒಳಗೆ, ಕೆಳ ಒಸಡಿನ ಪಕ್ಕದಲ್ಲಿ ಬರುತ್ತದೆ.

ಹಾಗಾದರೆ ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿಕೊಳ್ಳಬಹುದೇ? ಈ ಮಾತು ಬರೆಯಲು ನನಗೆ ಸಂಕೋಚ. ನಮ್ಮ ಸಂಘದಲ್ಲಿ ಸಾಗರ, ಶಿರಸಿ, ಪುತ್ತೂರಿನ ಕಡೆಯ ಮನೆಗಳವರಿದ್ದಾರೆ. ಅಡಿಕೆ ತೋಟದ ದುಡ್ಡಿನಲ್ಲೇ ಓದಿ ಇಲ್ಲಿಗೆ ಬಂದವರಿದ್ದಾರೆ. ಆದರೂ ಸತ್ಯ ಹೇಳಬೇಕು. 1952ರಲ್ಲಿ ಶ್ವಾರ್ಟ್ಸ್ ಎಂಬುವರು ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಒಂದು ವಿಚಿತ್ರ ರೋಗವನ್ನು ವಿವರಿಸಿದರು. ಕೆನ್ನೆಯ ಒಳಗಿನ ಚರ್ಮ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೆಯಲಾಗದಂತೆ ಮಾಡುವ ರೋಗ ಅದು. ಮರುವರ್ಷ ಭಾರತದಲ್ಲಿ ಡಾ. ಜೋಷಿ ಅದನ್ನೇ ವರದಿ ಮಾಡಿದರು. ಅದಕ್ಕೆ ಮುಖ್ಯ ಕಾರಣ ಅಡಿಕೆಯೇ ಎಂದು ಮುಂದೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ತಂಬಾಕು ಸೇರಿದ ಎಲೆ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಇವೆರಡನ್ನೂ ಒಣಗಿಸಿ ಪೊಟ್ಟಣದಲ್ಲಿ ತುಂಬಿದ್ದೇ ಗುಟ್ಕಾ. ಅದನ್ನು ಕರ್ನಾಟಕ ಸರ್ಕಾರ 2013ರಲ್ಲಿ ನಿಷೇಧಿಸಿತು. ವ್ಯಾಪಾರಿಗಳು ಅಡಿಕೆ ಮಸಾಲೆಯದೊಂದು, ತಂಬಾಕಿನದೊಂದು ಎಂದು ಎರಡು ಪೊಟ್ಟಣ ಮಾಡಿ ಮಾರಲು ತೊಡಗಿದರು.

ಇದು ನಮ್ಮೊಬ್ಬರ ಕಥೆಯಲ್ಲ. ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಪೂರ್ವ ಲಂಡನ್ನಿಗೆ ಬಂದು ನೆಲೆಸಿದ ಹಿರಿಯರು, ಅದರಲ್ಲೂ ಹೆಂಗಸರು, ಪಾನ್ ಜೊತೆ ಜರ್ದಾ ಹಾಕುವುದನ್ನು ಬಿಡದೆ ಹಲ್ಲು ಒಸಡು ಕಳೆದುಕೊಳ್ಳುತ್ತಿರುವುದನ್ನು ಅಲ್ಲಿನ ದಂತವೈದ್ಯರು 1990ರ ದಶಕದಿಂದಲೂ ಬರೆಯುತ್ತಿದ್ದಾರೆ. ನ್ಯೂಯಾರ್ಕಿನ ಬಾಂಗ್ಲಾದೇಶಿ ಮತ್ತು ಗುಜರಾತಿ ವಲಸಿಗರ ಬಗ್ಗೆ 2006ರಲ್ಲಿ ಅಂಥದೇ ಒಂದು ಅಧ್ಯಯನ ಬಂತು. ಪರದೇಶದಲ್ಲಿ ಒಂಟಿಯಾದ ಮುದುಕಿಗೆ ಸಂಚಿಯೇ ಊರು, ಸಂಚಿಯೇ ನೆರೆಮನೆ. ಬಿಡು ಎಂದರೆ ಬಿಡುವುದು ಸುಲಭವಲ್ಲ. ಇನ್ನು ನಮ್ಮ ಟೆಕ್ಸಸ್‌ನವರೇನು ಕಡಿಮೆಯೇ? ಕೆಳತುಟಿಯೊಳಗೆ 'ಡಿಪ್' ಇಟ್ಟುಕೊಂಡು ಬಾಟಲಿಗೆ ಉಗುಳುವವರನ್ನು ನೀವೂ ನೋಡಿರುತ್ತೀರಿ. ನೆರೆಯ ಓಕ್ಲಹೋಮದ ಶಾನ್ ಮಾರ್ಸಿ ಎಂಬ ಓಟಗಾರ ಹುಡುಗ ಹನ್ನೆರಡನೇ ವಯಸ್ಸಿಗೇ ಈ ಚಟಕ್ಕೆ ಬಿದ್ದು, ನಾಲಿಗೆಯ ಕ್ಯಾನ್ಸರಿನಿಂದ 1984ರಲ್ಲಿ, 19ನೇ ವಯಸ್ಸಿನಲ್ಲಿ ತೀರಿಕೊಂಡ. ಎರಡು ವರ್ಷಗಳ ನಂತರ, 1986ರಲ್ಲಿ, ಅಮೆರಿಕದ ಸರ್ಜನ್ ಜನರಲ್ ಈ ಹೊಗೆರಹಿತ ತಂಬಾಕಿನ ವಿರುದ್ಧ ವರದಿ ಹೊರಡಿಸಿದರು.

ಕೊನೆಗೆ ನಮ್ಮ ಮನೆಗಳ ಮಾತು. ಪ್ರತಿ ಬೇಸಿಗೆಯಲ್ಲಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮನೆಗಳಿಗೆಲ್ಲ ತಂದೆ ತಾಯಂದಿರು ಬರುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆ ವಿಚಾರಿಸುತ್ತೇವೆ. ಬಾಯಿ ಯಾರೂ ನೋಡುವುದಿಲ್ಲ. "ಇಲ್ಲಿ ಡಾಕ್ಟರ ಖರ್ಚು ಜಾಸ್ತಿ, ಮಗನಿಗೆ ಯಾಕೆ ತೊಂದರೆ" ಎಂದು ಅವರೂ ಬಾಯಿ ಬಿಡುವುದಿಲ್ಲ. ಕೇರಳದ ತಿರುವನಂತಪುರದ ಬಳಿ 1996ರಿಂದ ನಡೆದ ದೊಡ್ಡ ಪ್ರಯೋಗದಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ತೆರೆಸಿ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಯಂತ್ರವಿಲ್ಲ, ಸೂಜಿಯಿಲ್ಲ, ಬರೀ ಕಣ್ಣು ಮತ್ತು ಬೆಳಕು.

ನೋಡಬೇಕಾದದ್ದು ಇಷ್ಟೇ: ಒರೆಸಿದರೂ ಹೋಗದ ಬಿಳಿ ಮಚ್ಚೆ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಖಾರ ತಾಕಿದರೆ ಉರಿ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಲಾಗದಿರುವುದು, ಕಾರಣವಿಲ್ಲದೆ ಅಲುಗುವ ಹಲ್ಲು, ಕತ್ತಿನಲ್ಲಿ ಗಡ್ಡೆ. ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರ ಬಳಿ ಹೋಗಿ. ಡಲ್ಲಾಸ್ ಮತ್ತು ಹ್ಯೂಸ್ಟನ್ನಿನ ದಂತವೈದ್ಯ ಕಾಲೇಜುಗಳ ಚಿಕಿತ್ಸಾಲಯಗಳಲ್ಲಿ ಖರ್ಚು ಹೊರಗಿನದಕ್ಕಿಂತ ಕಡಿಮೆ.

ತಾಂಬೂಲ ಕೊಡುವ ಪದ್ಧತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ತಟ್ಟೆಯಲ್ಲಿ ವೀಳ್ಯ ಇರಲಿ, ತೆಂಗಿನಕಾಯಿ ಇರಲಿ, ದೇವರ ಮುಂದೆ ಅಡಿಕೆಯೂ ಇರಲಿ. ದಿನಾ ದವಡೆಯಲ್ಲಿ ಬೇಡ. ಹೊಗೆಸೊಪ್ಪಂತೂ ನಮ್ಮ ಹಿರಿಯರು ಕೊಟ್ಟ ಆಸ್ತಿಯಲ್ಲ, ಹಡಗಿನಲ್ಲಿ ಬಂದದ್ದು. ಹುಡುಗಿ, ನಿನ್ನ ಪ್ರಶ್ನೆಗೆ ಇದೇ ಉತ್ತರ. ಅಂದಹಾಗೆ ಆ ಅಜ್ಜಿ ಊಟದ ಮರುವಾರ ನಮ್ಮ ಮನೆಗೆ ಬಂದು, "ನೋಡಪ್ಪ, ಏನು ನೋಡ್ತೀಯೋ" ಎಂದು ನಗುತ್ತ ಬಾಯಿ ತೆರೆದರು. ಒಂದು ಸಣ್ಣ ಬಿಳಿ ಮಚ್ಚೆಯಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲವೆಂದು ಬಂತು. ಹೊಗೆಸೊಪ್ಪು ಬಿಟ್ಟಿದ್ದಾರೆ, ಅಡಿಕೆ ಇನ್ನೂ ಬಿಟ್ಟಿಲ್ಲ. ಮುಂದಿನ ಕೂಟಕ್ಕೆ ಜೇಬಿನಲ್ಲಿ ಬ್ಯಾಟರಿ ಇಟ್ಟುಕೊಂಡು ಬರುತ್ತೇನೆ. ಹಿರಿಯರನ್ನು ಕರೆದುಕೊಂಡು ಬನ್ನಿ.